ಸುಮ್ಮನಿರುವ ಮಗು

(ಒಂದು ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡು. ರಾತ್ರಿ 1 ಗಂಟೆ ದಾಟಿದೆ. ಪಾಳಿಯಲ್ಲಿ ಇಬ್ಬರು: ಮೂವತ್ತು ವರ್ಷಕ್ಕೂ ಹೆಚ್ಚು ಮಕ್ಕಳ ನಡುವೆಯೇ ಕೆಲಸ ಮಾಡಿದ ಹಿರಿಯ ಸಿಸ್ಟರ್, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಕಿರಿಯ ಸಿಸ್ಟರ್.)

ಹಿರಿಯಾಕೆ: ಆರನೇ ಬೆಡ್ಡಿನ ಹುಡುಗನ ಹಾಳೆಯಲ್ಲಿ ಏನು ಬರೆದಿದ್ದೀಯ?

ಕಿರಿಯಾಕೆ: ಜ್ವರ ಇಲ್ಲ, ನಾಡಿ 138, ಡ್ರಿಪ್ ಹೋಗ್ತಿದೆ. ‘ಮಗು ಶಾಂತವಾಗಿದೆ’ ಅಂತ ಬರೆದಿದೀನಿ ಸಿಸ್ಟರ್. ಅಳು ಇಲ್ಲ, ಹಟ ಇಲ್ಲ. ಜಾಣ ಮಗು.

ಹಿರಿಯಾಕೆ: ನಾಲ್ಕು ವರ್ಷದ ಹುಡುಗ. ಬೆಳಿಗ್ಗೆ ಹಂಡೆಯ ಕುದಿನೀರು ಹೊಟ್ಟೆ, ತೊಡೆಯ ಮೇಲೆ ಬಿದ್ದಿದೆ. ಸಂಜೆ ಡ್ರೆಸಿಂಗ್ ಆಗಿದೆ. ಅಂಥವನು ಯಾಕೆ ಇಷ್ಟು ಸುಮ್ಮನಿದ್ದಾನೆ ಅಂತ ನಿನಗೆ ಅನ್ನಿಸಲಿಲ್ಲವಾ? ಜ್ವರ ಇಲ್ಲದೆ ನಾಡಿ 138 ಯಾಕೆ?

ಕಿರಿಯಾಕೆ: ಮೈಯಲ್ಲಿ ನೀರು ಕಮ್ಮಿಯಾಗಿದೆಯೇನೋ ಅಂತ ಮೂತ್ರದ ಲೆಕ್ಕ ನೋಡಿದೆ. ಅದು ಸರಿಯಾಗಿಯೇ ಇದೆ.

ಹಿರಿಯಾಕೆ: ಅದನ್ನು ನೋಡಿದ್ದು ಒಳ್ಳೇದಾಯ್ತು. ಈಗ ಬಾ. ದೀಪ ಹಾಕಬೇಡ, ಟಾರ್ಚ್ ತಗೋ. ಮುಖಕ್ಕೆ ಬಿಡಬೇಡ, ಗೋಡೆಗೆ ಬಿಡು, ಆ ಬೆಳಕು ಸಾಕು. ಒಂದು ನಿಮಿಷ ಏನೂ ಮಾಡದೆ ನಿಂತು ನೋಡು.

ಕಿರಿಯಾಕೆ: ನಿದ್ದೆ ಮಾಡಿಲ್ಲ ಸಿಸ್ಟರ್. ಕಣ್ಣು ಬಿಟ್ಟುಕೊಂಡು ಸೂರು ನೋಡ್ತಿದಾನೆ. ದವಡೆ ಬಿಗಿಹಿಡಿದಿದಾನೆ. ಕಾಲು ಬಿಗಿಯಾಗಿದೆ. ಮೈಯೆಲ್ಲ ಮರದ ಕೊರಡಿನ ಹಾಗೆ… ಹೊದಿಕೆ ಸರಿಸಿದಾಗ ಕೂಡ ಅಲ್ಲಾಡಲಿಲ್ಲ.

ಹಿರಿಯಾಕೆ: ಅಲ್ಲಾಡಿದರೆ ನೋಯುತ್ತೆ ಅಂತ ಅವನಿಗೆ ಗೊತ್ತಾಗಿದೆ. ಅದಕ್ಕೇ ಅಲ್ಲಾಡೋದನ್ನ ನಿಲ್ಲಿಸಿದಾನೆ. ನಿಮಗೆ ಕಾಲೇಜಿನಲ್ಲಿ ಹೇಳಿಕೊಟ್ಟ ನೋವಿನ ಫ್ಲಾಕ್ ಅಳತೆ ಹಾಕು.

ಕಿರಿಯಾಕೆ: ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ. ಒಂದೊಂದಕ್ಕೆ 0ಯಿಂದ 2. ದವಡೆ ಬಿಗಿದಿದೆ, ಮುಖಕ್ಕೆ 2. ಕಾಲು ಬಿಗಿ, 1. ಮೈ ಸೆಟೆದಿದೆ, 2. ಅಳು… ಆಗಾಗ ಸಣ್ಣಗೆ ನರಳ್ತಿದಾನೆ, ನನಗೆ ಇಷ್ಟು ಹತ್ತಿರ ಬಂದ ಮೇಲೆ ಕೇಳಿಸ್ತು, 1. ಅಮ್ಮ ತಲೆ ಸವರಿದರೆ ಕಣ್ಣು ಆ ಕಡೆ ತಿರುಗಿಸ್ತಾನೆ, 1. ಒಟ್ಟು 7.

ಹಿರಿಯಾಕೆ: 10ಕ್ಕೆ 7. ಏಳು ಅಂದರೆ ತೀವ್ರ ನೋವು. ಆ ಐದರಲ್ಲಿ ಅಳು ಬರೀ ಒಂದು ಅಂಶ. ನೀನು ಆ ಒಂದನ್ನೇ ಕೇಳಿಸಿಕೊಂಡು ಮಿಕ್ಕ ನಾಲ್ಕನ್ನು ನೋಡಲಿಲ್ಲ. ತಾಯಿಯನ್ನು ಕೇಳಿದೆಯಾ?

ಕಿರಿಯಾಕೆ: ಈಗ ಕೇಳಿದೆ. ‘ಇವ್ನು ಮನೇಲಿ ಒಂದು ಗಳಿಗೆ ಕೂರೋನಲ್ಲ ಸಿಸ್ಟರ್, ಸಂಜೆಯಿಂದ ಇದು ನನ್ನ ಮಗೂನೇ ಅಲ್ಲ ಅನ್ನೋ ಹಾಗಿದಾನೆ’ ಅಂದರು. ನಮಗೆ ಯಾಕೆ ಹೇಳಲಿಲ್ಲ ಅಂದೆ. ‘ರಾತ್ರಿಹೊತ್ತು ನಿಮಗೆ ಯಾಕೆ ತೊಂದರೆ ಅಂತ’ ಅಂದರು.

ಹಿರಿಯಾಕೆ: ಅವರದು ತಪ್ಪಲ್ಲ. ಹಗಲೆಲ್ಲ ಗದರಿಸಿಕೊಂಡಿರುತ್ತಾರೆ. ನಾವಾಗಿ ಹೋಗಿ ಕೇಳಬೇಕು. ಕೊನೆಗೆ ನೋವಿನ ಔಷಧಿ ಕೊಟ್ಟಿದ್ದು ಯಾವಾಗ?

ಕಿರಿಯಾಕೆ: ಸಂಜೆ 6ಕ್ಕೆ ಪ್ಯಾರಾಸಿಟಮಾಲ್. ಆಮೇಲೆ ಇಲ್ಲ. ಹಾಳೆಯಲ್ಲಿ ಎಸ್‌ಓಎಸ್ ಅಂತ ಇದೆ.

ಹಿರಿಯಾಕೆ: ಬೇಕಾದರೆ ಕೊಡಿ ಅಂತ. ಬೇಕು ಅಂತ ಯಾರು ಹೇಳಬೇಕು? ನಾಲ್ಕು ವರ್ಷದವನು ನರ್ಸ್ ಮೇಜಿನ ಹತ್ತಿರ ನಡೆದು ಬಂದು ‘ನನಗೆ ಔಷಧಿ ಬೇಕು’ ಅನ್ನಬೇಕಾ? ಸುಟ್ಟ ಗಾಯ ಗಂಟೆ ನೋಡಿಕೊಂಡು ಬಿಡುವು ಕೊಡಲ್ಲ, ಔಷಧಿ ಮಾತ್ರ ಗಂಟೆ ನೋಡಿಕೊಂಡು ಕೊಡಬೇಕು. ಮೊದಲನೇ ಡೋಸಿನ ಶಕ್ತಿ ಇಳಿಯೋದರೊಳಗೆ ಎರಡನೇದು. ನೋವು ಒಮ್ಮೆ ಮೇಲಕ್ಕೆ ಹತ್ತಿದರೆ ಇಳಿಸೋದಕ್ಕೆ ಹೆಚ್ಚು ಔಷಧಿ ಬೇಕಾಗುತ್ತೆ. ಡಾಕ್ಟರಿಗೆ ಫೋನ್ ಮಾಡು. ‘ಮಗುಗೆ ನೋವಿರಬಹುದು’ ಅನ್ನಬೇಡ. ‘ಆರನೇ ಬೆಡ್, ಸುಟ್ಟ ಗಾಯ, ನೋವಿನ ಅಂಕ 7, ನಾಡಿ 138, ಜ್ವರವಿಲ್ಲ, ಮೂತ್ರ ಸರಿ, ಕೊನೆ ಡೋಸ್ 6 ಗಂಟೆಗೆ’ ಅನ್ನು. ಹಾಗೆ ಹೇಳಿದರೆ ಎದ್ದು ಬರ್ತಾರೆ.

(ಡಾಕ್ಟರು ಬಂದು ನೋಡಿ ಹೋಗುತ್ತಾರೆ. ಬೀಗದ ಕಪಾಟು ತೆರೆದು, ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕಿ, ತೂಕಕ್ಕೆ ತಕ್ಕ ಮಾರ್ಫಿನ್ ಅನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟಾಗಿದೆ. ಪ್ಯಾರಾಸಿಟಮಾಲ್ ಇನ್ನು 6 ಗಂಟೆಗೊಮ್ಮೆ ಎಂದು ಬರೆದಾಗಿದೆ. ಇಬ್ಬರೂ ಹಾಸಿಗೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಾರೆ.)

ಕಿರಿಯಾಕೆ: ಉಸಿರು ನಿಮಿಷಕ್ಕೆ 28. ಕೂಗಿದರೆ ನೋಡ್ತಾನೆ. ಸಿಸ್ಟರ್, ಮಾರ್ಫಿನ್ ಅಂದರೆ ನನಗೆ ಕೈ ನಡುಗುತ್ತೆ.

ಹಿರಿಯಾಕೆ: ಆ ಹೆದರಿಕೆ ಒಂದು ಅಳತೆಗೆ ಇರಲಿ, ಉಸಿರು ಎಣಿಸೋದಕ್ಕೆ ಅದು ಬೇಕು. ಮಗು ಮಂಪರಿಗೆ ಜಾರ್ತಿದೆಯಾ ಅಂತ ನೋಡ್ತಾ ಇರು. ಉಸಿರು ಇಳಿಯೋದಕ್ಕೆ ಮುಂಚೆ ಸಾಮಾನ್ಯವಾಗಿ ಮಂಪರು ಹೆಚ್ಚಾಗುತ್ತೆ. ಮಾರ್ಫಿನ್ನಿನ ಪರಿಣಾಮವನ್ನು ತಿರುಗಿಸೋ ನಲಾಕ್ಸೋನ್ ಟ್ರೇಯಲ್ಲಿದೆ. ಆದರೆ ಚಟ ಹಿಡಿಯುತ್ತೆ ಅನ್ನೋ ಭಯಕ್ಕೆ ಕೊಡದೇ ಇರೋದು ಬೇರೆ ಮಾತು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಎಷ್ಟೋ ಆಸ್ಪತ್ರೆಗಳು ಪರವಾನಗಿಗಳ ರಗಳೆಯೇ ಬೇಡ ಅಂತ ಮಾರ್ಫಿನ್ ಇಡೋದನ್ನೇ ಬಿಟ್ಟವು. 2014ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಆಗಿ ನಿಯಮ ಸಡಿಲವಾಯ್ತು. ಕಾಗದ ಸಡಿಲವಾಯ್ತು, ಮನಸ್ಸು ಇನ್ನೂ ಆಗಿಲ್ಲ. ಅಫೀಮು ಬೆಳೆಯೋ ದೇಶ ನಮ್ಮದು, ನಮ್ಮದೇ ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ಸಾಯ್ತಾರೆ. ನನಗೆ ಇದನ್ನು ನೆನೆದರೆ ಸಿಟ್ಟು ಬರುತ್ತೆ.

ಕಿರಿಯಾಕೆ: ನೀವು ಸೇರಿದ ಕಾಲದಲ್ಲಿ ಎಳೆ ಮಕ್ಕಳಿಗೆ ಏನು ಕೊಡ್ತಿದ್ದರು?

ಹಿರಿಯಾಕೆ: ಏನೂ ಕೊಡ್ತಿರಲಿಲ್ಲ. ನಾನು ಸೇರಿದ ಆಸ್ಪತ್ರೆಯಲ್ಲಿ ನನ್ನ ಕೆಲಸ ಹಿಡಿದುಕೊಳ್ಳೋದು. ಹತ್ತು ದಿನದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಬಗ್ಗಿಸಿ ಹಿಡಿದರೆ ಡಾಕ್ಟರು ಬೆನ್ನಿನಿಂದ ನೀರು ತೆಗೀತಿದ್ದರು. ‘ಗಟ್ಟಿಯಾಗಿ ಹಿಡಿ, ಅದಕ್ಕೇನೂ ಗೊತ್ತಾಗಲ್ಲ’ ಅಂತಿದ್ದರು. ನನ್ನ ಅಂಗೈ ಕೆಳಗೆ ಆ ಮೈ ನಡುಗೋದು ನನಗೆ ಗೊತ್ತಾಗ್ತಿತ್ತು. ಗೊತ್ತಾದರೂ ನಂಬಿದ್ದು ಅವರ ಮಾತನ್ನ. ಓದಿದವರು ಹೇಳಿದ್ದು ಅಂತ. ಆ ಕೂಸುಗಳಿಗೆಲ್ಲ ಈಗ ಮೂವತ್ತು ವರ್ಷ ದಾಟಿರುತ್ತೆ. ನಾನು ಎಷ್ಟೋ ಸಲ ಅವರನ್ನು ನೆನೆಸಿಕೊಳ್ತೀನಿ.

ಕಿರಿಯಾಕೆ: ಆ ನಂಬಿಕೆ ಎಲ್ಲಿಂದ ಬಂತು ಅಂತ ನಮಗೆ ಪಾಠ ಇತ್ತು. 1941ರಲ್ಲಿ ಅಮೆರಿಕದ ಮಿರ್ಟಲ್ ಮೆಕ್‌ಗ್ರಾ ಅನ್ನೋರು ಶಿಶುಗಳಿಗೆ ಗುಂಡುಸೂಜಿ ಚುಚ್ಚಿ ಪ್ರತಿಕ್ರಿಯೆ ಗಮನಿಸಿದ್ದರು. ಹೊಸದಾಗಿ ಹುಟ್ಟಿದವು ಅಷ್ಟಾಗಿ ಸ್ಪಂದಿಸಲಿಲ್ಲ ಅಂತ ಬರೆದರು. ಜೊತೆಗೆ, ನರಗಳ ಮೇಲಿನ ಮೈಲಿನ್ ಹೊದಿಕೆ ಇನ್ನೂ ಬೆಳೆದಿಲ್ಲ, ಹಾಗಾಗಿ ನೋವು ಮಿದುಳಿಗೆ ತಲುಪಲ್ಲ ಅನ್ನೋ ವಾದ.

ಹಿರಿಯಾಕೆ: ದೊಡ್ಡವರಲ್ಲೂ ನೋವಿನ ಎಷ್ಟೋ ಭಾಗ ಹೊದಿಕೆಯೇ ಇಲ್ಲದ ಸಣ್ಣ ನರತಂತುಗಳಲ್ಲಿ ಹೋಗುತ್ತೆ. ಹೊದಿಕೆ ಇಲ್ಲದಿದ್ದರೆ ನಿಧಾನ ಆಗಬಹುದು. ಕೂಸಿನ ಮೈಯಲ್ಲಿ ದಾರಿಯೂ ಗಿಡ್ಡ. ಇಷ್ಟು ಸರಳ ಮಾತು ಯಾರಿಗೂ ಹೊಳೀಲಿಲ್ಲ ಅಂತ ನಾನು ನಂಬಲ್ಲ. ಮಗುವಿನ ಅರಿವಳಿಕೆ ಕಷ್ಟದ ಕೆಲಸ, ಅಪಾಯ ಇತ್ತು. ಕೊಡೋದು ಕಷ್ಟ ಆದಾಗ, ಬೇಕಾಗೇ ಇಲ್ಲ ಅಂತ ನಂಬೋದು ಸುಲಭ.

ಕಿರಿಯಾಕೆ: 1985ರಲ್ಲಿ ಅಮೆರಿಕದಲ್ಲಿ ಆದದ್ದು ಓದಿ ನಾನು ಅತ್ತಿದ್ದೆ. ಅವಧಿಗೆ ಮುಂಚೆ ಹುಟ್ಟಿದ ಕೂಸು. ಹೃದಯದ ಪಕ್ಕದಲ್ಲಿ ಮುಚ್ಚದೆ ಉಳಿದ ನಾಳವನ್ನು ಕಟ್ಟೋದಕ್ಕೆ ಎದೆ ತೆರೆದರು. ಕೊಟ್ಟಿದ್ದು ಸ್ನಾಯು ಅಲುಗಾಡದಂತೆ ಮಾಡೋ ಔಷಧಿ ಮಾತ್ರ. ನೋವಿಗೆ ಏನೂ ಇಲ್ಲ. ಮಗು ಕೆಲವು ವಾರಗಳ ನಂತರ ಹೋಯ್ತು. ಆಮೇಲೆ ತಾಯಿ ದಾಖಲೆ ನೋಡಿ, ವಿಚಾರಿಸಿ, ಊರೂರಿಗೆ ಕೇಳೋ ಹಾಗೆ ಬರೆದರು.

ಹಿರಿಯಾಕೆ: ಅದನ್ನೇ ನಾನು ಹೇಳ್ತಿರೋದು. ಕೈಕಾಲು ಅಲ್ಲಾಡಿಸೋ ಶಕ್ತಿಯನ್ನೇ ಕಿತ್ತುಕೊಂಡು, ಅಲ್ಲಾಡಲಿಲ್ಲ ಅಂದರೆ? ಆ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ನಮ್ಮವರೊಬ್ಬರು ಇದ್ದರು ಗೊತ್ತಾ? ಕನ್ವಲ್‌ಜೀತ್ ಆನಂದ್, ಇಂದೋರಿನಲ್ಲಿ ವೈದ್ಯಕೀಯ ಓದಿ ಹೋದವರು. ಕೂಸುಗಳನ್ನು ಆಪರೇಷನ್ನಿಗೆ ಕಳಿಸಿದಾಗ ಇದ್ದ ಸ್ಥಿತಿಯೇ ಬೇರೆ, ವಾಪಸು ಬಂದಾಗ ಇರೋ ಸ್ಥಿತಿಯೇ ಬೇರೆ ಅಂತ ಅವರ ಕಣ್ಣಿಗೆ ಬಿತ್ತು. ಬಿಳಿಚಿಕೊಂಡು, ಸೊರಗಿ ಬರ್ತಿದ್ದವು. ಮಾತಾಡದ ಕೂಸನ್ನು ಕೇಳೋದು ಹೇಗೆ? ಅವರು ರಕ್ತವನ್ನ ಕೇಳಿದರು. ಒತ್ತಡ ಬಂದಾಗ ಮೈ ಸುರಿಸೋ ಹಾರ್ಮೋನುಗಳನ್ನು ಅಳೆದರು. 1987ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು: ಫೆಂಟನಿಲ್ ಕೊಟ್ಟ ಕೂಸುಗಳಲ್ಲಿ ಆ ಏರಿಕೆ ಕಮ್ಮಿ, ಆಪರೇಷನ್ ನಂತರದ ತೊಡಕುಗಳೂ ಕಮ್ಮಿ. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕು ಅಂತ ಹೇಳಿತು. ಅದು ನನ್ನ ವಾರ್ಡಿಗೆ ಬರೋದಕ್ಕೆ ಇನ್ನೂ ಎಷ್ಟೋ ವರ್ಷ ಹಿಡೀತು.

ಕಿರಿಯಾಕೆ: ಅವಧಿಗೆ ಮುಂಚೆ ಹುಟ್ಟಿದವಕ್ಕೆ ನೋವು ಹೆಚ್ಚು ಅಂತಾರಲ್ಲ?

ಹಿರಿಯಾಕೆ: ನೋವನ್ನು ಮೇಲಕ್ಕೆ ಒಯ್ಯೋ ದಾರಿ ಮೊದಲು ಬೆಳೆಯುತ್ತೆ, ಮೇಲಿನಿಂದ ಬಂದು ಅದನ್ನು ತಗ್ಗಿಸೋ ದಾರಿ ಆಮೇಲೆ. ದೊಡ್ಡವರ ಮಿದುಳಿಗೆ ‘ಸಾಕು’ ಅನ್ನೋ ಶಕ್ತಿ ಇದೆ, ಆ ಕೂಸಿಗೆ ಇನ್ನೂ ಬಂದಿಲ್ಲ. ಜೊತೆಗೆ ಇನ್ನೊಂದು: ತುಂಬಾ ಚಿಕ್ಕದು, ತುಂಬಾ ದಣಿದದ್ದು ಅಳೋದೇ ಇಲ್ಲ. ಹಿಮ್ಮಡಿ ಚುಚ್ಚಿದರೆ ಒಂದು ಕ್ಷಣ ಹುಬ್ಬು ಗಂಟಾಗುತ್ತೆ, ಕಣ್ಣು ಹಿಂಡಿಕೊಳ್ಳುತ್ತೆ, ಮೂಗಿನಿಂದ ತುಟಿ ಕಡೆಗೆ ಗೆರೆ ಆಳವಾಗುತ್ತೆ. ಆಮೇಲೆ ಮೈ ಜೋತುಬಿದ್ದು ಸುಮ್ಮನಾಗುತ್ತೆ. ಮಾನಿಟರ್‌ನಲ್ಲಿ ಆಮ್ಲಜನಕ ಇಳಿಯುತ್ತೆ. ಆ ಒಂದು ಕ್ಷಣ ನಿನ್ನ ಕಣ್ಣು ಸೂಜಿಯ ಮೇಲಿದ್ದರೆ ಏನೂ ಕಾಣಲ್ಲ. ಅದಕ್ಕೇ ಚುಚ್ಚೋರು ಒಬ್ಬರು, ಮುಖ ನೋಡೋರು ಒಬ್ಬರು ಇರಬೇಕು.

ಕಿರಿಯಾಕೆ: ಅಷ್ಟು ಸಣ್ಣ ಕೂಸಿಗೆ ಪ್ರತಿ ಸಲ ಔಷಧಿ ಕೊಡೋಕಾಗಲ್ಲವಲ್ಲ.

ಹಿರಿಯಾಕೆ: ಔಷಧಿಗಿಂತ ಮೊದಲು, ಈ ಚುಚ್ಚು ಬೇಕೇ ಬೇಕಾ ಅಂತ ಕೇಳು. ಮೂರು ಪರೀಕ್ಷೆಗೆ ಮೂರು ಸಲ ಯಾಕೆ, ಒಂದೇ ಸಲ ತೆಗೆಯೋಕಾಗಲ್ವಾ? ಕೈ ಪಳಗಿದವರಿದ್ದರೆ ಹಿಮ್ಮಡಿ ಚುಚ್ಚಿ ಹಿಂಡೋದಕ್ಕಿಂತ ನಾಳದಿಂದ ತೆಗೆಯೋದೇ ಕೂಸಿಗೆ ಹಿತ. ಆಮೇಲೆ ತಾಯಿ. ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಮಲಗಿಸಿಕೊಂಡರೆ, ಹಾಲು ಕುಡಿಸ್ತಾ ಇರುವಾಗಲೇ ಚುಚ್ಚಿದರೆ, ಅಳುವ ಹೊತ್ತು ಕಮ್ಮಿಯಾಗುತ್ತೆ. ತಾಯಿ ಇಲ್ಲ ಅಂದರೆ ಶೇಕಡಾ 24ರ ಸಕ್ಕರೆ ದ್ರಾವಣ, ಕೆಲವೇ ಹನಿ ನಾಲಿಗೆ ಮೇಲೆ, ಎರಡು ನಿಮಿಷ ಕಾದು ಆಮೇಲೆ ಸೂಜಿ. ಇದನ್ನ ಮನೆಯವರಿಗೆ ಹೇಳುವಾಗ ಎಚ್ಚರ. ಅಳುವ ಕೂಸಿಗೆಲ್ಲ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸೋಕೆ ಶುರು ಮಾಡಿಬಿಡ್ತಾರೆ. ಇದು ಚುಚ್ಚುವ ಹೊತ್ತಿಗೆ, ಆಸ್ಪತ್ರೆಯಲ್ಲಿ ಮಾತ್ರ. ಒಂದು ವರ್ಷದೊಳಗಿನ ಮಗುಗೆ ಜೇನುತುಪ್ಪವಂತೂ ಕೂಡದು.

ಕಿರಿಯಾಕೆ: ಲಸಿಕೆಯ ದಿನ ನಾವು ಮಗೂನ ತಾಯಿಯಿಂದ ಕಿತ್ತುಕೊಂಡು ಮೇಜಿನ ಮೇಲೆ ಮಲಗಿಸ್ತೀವಿ. ಕ್ಯೂ ದೊಡ್ಡದು ಅಂತ.

ಹಿರಿಯಾಕೆ: ಮಡಿಲಲ್ಲಿ ಕೂರಿಸಿ ಹಾಕಿದರೆ ಹೆಚ್ಚು ಹೊತ್ತು ಹಿಡಿಯುತ್ತೆ ಅನ್ನೋದು ಸುಳ್ಳು, ನಾನು ಮಾಡಿ ನೋಡಿದೀನಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯ ನೋವಿನ ಬಗ್ಗೆಯೇ ಮಾರ್ಗಸೂಚಿ ಕೊಟ್ಟಿತು. ಸೂಜಿ ಚುಚ್ಚಿದ ಮೇಲೆ ಸಿರಿಂಜನ್ನು ಹಿಂದಕ್ಕೆ ಎಳೆದು ನೋಡಬೇಡಿ, ಹೆಚ್ಚು ನೋಯಿಸೋ ಲಸಿಕೆ ಕೊನೆಗೆ ಹಾಕಿ, ರೋಟಾವೈರಸ್ ಹನಿ ಸಿಹಿಯಾಗಿರುತ್ತೆ, ಅದನ್ನು ಮೊದಲು ಕೊಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಕ್ರಮ ಬದಲಾಯಿಸಿದರೆ ಸಾಕು. ಮೈ ನೆನಪಿಟ್ಟುಕೊಳ್ಳುತ್ತಮ್ಮ. 1997ರಲ್ಲಿ ಕೆನಡಾದವರು ಪ್ರಕಟಿಸಿದರು: ಹುಟ್ಟಿದ ಕೆಲವೇ ದಿನಕ್ಕೆ ಅರಿವಳಿಕೆ ಇಲ್ಲದೆ ಸುನ್ನತಿ ಆಗಿದ್ದ ಗಂಡುಮಕ್ಕಳು, ನಾಲ್ಕರಿಂದ ಆರು ತಿಂಗಳಿಗೆ ಲಸಿಕೆ ಹಾಕಿದಾಗ ಉಳಿದ ಗಂಡುಮಕ್ಕಳಿಗಿಂತ ಜೋರಾಗಿ ಅತ್ತರು. ಮರಗಟ್ಟಿಸೋ ಮುಲಾಮು ಹಚ್ಚಿದ್ದ ಮಕ್ಕಳಲ್ಲಿ ಅಷ್ಟಿರಲಿಲ್ಲ. ಕೂಸಿಗೆ ನೆನಪಿರಲ್ಲ ಅನ್ನೋರಿಗೆ ಇದನ್ನು ಹೇಳು.

ಕಿರಿಯಾಕೆ: ಉಸಿರು 26. ಮಂಪರಿಲ್ಲ. ದವಡೆ ಸ್ವಲ್ಪ ಸಡಿಲವಾಗಿದೆ ಸಿಸ್ಟರ್… ಇವನಿಗೆ ಮುಖಗಳ ಕಾರ್ಡು ತೋರಿಸಬಹುದಿತ್ತಲ್ವಾ?

ಹಿರಿಯಾಕೆ: ನಾಳೆ ಬೆಳಿಗ್ಗೆ ತೋರಿಸು, ಈಗ ಬೇಡ. ಆ ಕಾರ್ಡು ಹುಟ್ಟಿದ್ದೇ ಸುಟ್ಟ ಮಕ್ಕಳ ವಾರ್ಡಿನಲ್ಲಿ. ಅಮೆರಿಕದ ತುಲ್ಸಾ ಊರಿನಲ್ಲಿ 1980ರ ದಶಕದ ಶುರುವಿನಲ್ಲಿ ಡೋನಾ ವಾಂಗ್, ಕಾನೀ ಬೇಕರ್ ಅನ್ನೋ ಇಬ್ಬರು ಮಾಡಿದ್ದು. ಒಬ್ಬರು ನರ್ಸ್, ಇನ್ನೊಬ್ಬರು ಮಕ್ಕಳನ್ನು ಆಡಿಸೋ ಕೆಲಸದವರು. ಮಕ್ಕಳಿಗೆ ಸಂಖ್ಯೆ ಅರ್ಥವಾಗ್ತಿರಲಿಲ್ಲ, ಮುಖ ಅರ್ಥವಾಗ್ತಿತ್ತು. ಆದರೆ ಕಾರ್ಡನ್ನು ಮಗುವಿನ ಮುಖದ ಪಕ್ಕ ಇಟ್ಟು ನೀನೇ ಹೋಲಿಸಬೇಡ. ಅದು ಮಗು ತೋರಿಸೋದಕ್ಕೆ. ಇನ್ನೊಂದು ತೊಡಕಿದೆ. ಮೊದಲನೇ ಮುಖ ನಗುತ್ತೆ, ಕೊನೇದು ಅಳುತ್ತೆ. ನಮ್ಮ ಗಂಡುಹುಡುಗರು ಅಳೋ ಮುಖ ಮುಟ್ಟಲ್ಲ. ‘ನಾನು ಅಳಲಿಲ್ಲವಲ್ಲ’ ಅಂತಾರೆ. ಅವರಿಗೆ ನಗು, ಕಣ್ಣೀರು ಎರಡೂ ಇಲ್ಲದ ಮುಖಗಳ ಇನ್ನೊಂದು ಅಳತೆ ಇದೆ, ಅದು ವಾಸಿ. ಇಲ್ಲದಿದ್ದರೆ ನಾಲ್ಕು ದೊಡ್ಡ ಬಿಲ್ಲೆ ಕೊಟ್ಟು ‘ಇದು ಸ್ವಲ್ಪ ನೋವು, ನಾಲ್ಕೂ ಸೇರಿದರೆ ತುಂಬಾ ನೋವು, ನಿನಗೆಷ್ಟು?’ ಅಂತ ಕೇಳ್ತೀನಿ. ನಾಲ್ಕೂ ಎತ್ತಿಕೊಂಡು, ಇನ್ನೂ ಇದೆಯಾ ಅಂತ ಕೇಳಿದ ಹುಡುಗಿ ಒಬ್ಬಳಿದ್ದಳು.

ಕಿರಿಯಾಕೆ: ಸ್ವಲ್ಪ ದೊಡ್ಡ ಮಕ್ಕಳು?

ಹಿರಿಯಾಕೆ: ಅವರ ಮಾತಿಗೆ ಕಿವಿ ಕೊಡು. ನಮ್ಮ ಫಾರಂನಲ್ಲಿ ‘ನೋವು: ಇದೆ / ಇಲ್ಲ’ ಅಂತ ಎರಡೇ ಚೌಕ. ಕನ್ನಡದಲ್ಲಿ ನೋವಿಗೆ ಎಷ್ಟು ಮಾತಿದೆ! ಉರಿ, ಸಿಡಿತ, ಸೆಳೆತ, ಚಳುಕು, ನುಲಿತ, ಕುಟುಕು, ಜೋಮು. ಒಂದೊಂದೂ ಬೇರೆ ಕಡೆ ಬೆರಳು ತೋರಿಸುತ್ತೆ. ನಾಡಿಯ ಜೊತೆ ಸಿಡೀತಿದೆ ಅಂದರೆ ಒಳಗೆ ಕೀವು ಕಟ್ಟಿರಬಹುದು, ಡಾಕ್ಟರಿಗೆ ಹೇಳು. ಹೊಟ್ಟೆ ನುಲಿದು ನುಲಿದು ಬಿಡ್ತಿದೆ ಅಂದರೆ ಕರುಳು. ಉರಿ, ಜೋಮು, ಕರೆಂಟು ಹೊಡೆದ ಹಾಗೆ ಅಂದರೆ ನರ, ಅದಕ್ಕೆ ಪ್ಯಾರಾಸಿಟಮಾಲ್ ಅಷ್ಟಾಗಿ ಕೇಳಲ್ಲ, ಬೇರೆ ಔಷಧಿ ಬೇಕು. ಎಂಟು ವರ್ಷದ ಹುಡುಗ ಒಬ್ಬ ‘ಪ್ಲಾಸ್ಟರ್ ಒಳಗೆ ಇರುವೆ ಹರೀತಿದೆ’ ಅಂತಿದ್ದ. ಎಲ್ಲರೂ ಕಡಿತ ಅಂದುಕೊಂಡರು. ಬೆರಳು ಮುಟ್ಟಿ ನೋಡಿದರೆ ತಣ್ಣಗೆ, ಊದಿಕೊಂಡಿದೆ. ಪ್ಲಾಸ್ಟರ್ ಬಿಗಿಯಾಗಿ ರಕ್ತ ಹರೀತಿರಲಿಲ್ಲ. ಆ ರಾತ್ರಿಯೇ ಸೀಳಿಸಿದ್ದಕ್ಕೆ ಕೈ ಉಳೀತು. ಅವನು ಸರಿಯಾಗಿಯೇ ಹೇಳಿದ್ದ.

ಕಿರಿಯಾಕೆ: ಮಾತು ಬರದ ಪುಟ್ಟ ಮಕ್ಕಳಿಗೂ ಮನೆಯದೇ ಒಂದು ಪದ ಇರುತ್ತೆ. ನನ್ನ ಅಕ್ಕನ ಮಗು ‘ಅಬ್ಬು’ ಅನ್ನುತ್ತೆ.

ಹಿರಿಯಾಕೆ: ಅದನ್ನು ತಾಯಿಯಿಂದ ಕೇಳಿ ಕೇಸ್‌ಷೀಟಿನ ಮೊದಲ ಸಾಲಿಗೇ ಬರಿ. ಉತ್ತರ ಕರ್ನಾಟಕದಿಂದ ಬಂದವರಿಗೆ ‘ನೋವಾಗ್ತಿದೆಯಾ’ ಅನ್ನೋದಕ್ಕಿಂತ ‘ಬ್ಯಾನಿ ಐತೇನಪ್ಪಾ’ ಅಂದರೆ ಮಗು ಮುಖ ತಿರುಗಿಸಿ ನೋಡುತ್ತೆ. ಬುದ್ಧಿಮಾಂದ್ಯ ಇರೋ ಮಕ್ಕಳು, ಸೆರೆಬ್ರಲ್ ಪಾಲ್ಸಿ ಇರೋ ಮಕ್ಕಳು ಬಂದಾಗ ತಾಯಿಯೇ ನಿನ್ನ ಅಳತೆಗೋಲು. ಕೆಲವರು ನೋವಾದಾಗ ನಗ್ತಾರೆ, ಕೆಲವರು ಊಟ ಬಿಡ್ತಾರೆ. ಅದು ಯಾವ ಪುಸ್ತಕದಲ್ಲೂ ಇಲ್ಲ, ಅವರಮ್ಮನ ಹತ್ತಿರ ಇದೆ.

ಕಿರಿಯಾಕೆ: ಸಂಜೆ ಡ್ರೆಸಿಂಗ್ ಆಗುವಾಗ ನಾನೇ ಇದ್ದೆ. ಅವನು ಕಿರುಚಿದ. ‘ಅತ್ತರೆ ಇನ್ನೊಂದು ಸೂಜಿ’ ಅಂತ ಯಾರೋ ಅಂದರು. ‘ನೋಯಲ್ಲ ಪುಟ್ಟ, ಏನೂ ಆಗಲ್ಲ’ ಅಂತ ನಾನು ಅಂದೆ.

ಹಿರಿಯಾಕೆ: ಹೂಂ. ಅದಕ್ಕೇ ಆಮೇಲೆ ಅವನು ನಮಗೆ ಹೇಳೋದನ್ನ ನಿಲ್ಲಿಸಿದ. ಅತ್ತರೆ ಸೂಜಿ ಬರುತ್ತೆ ಅಂತ ಕಲಿತ. ನೋಯಲ್ಲ ಅಂದೋಳು ನೀನು, ನೋಯ್ತು, ನಿನ್ನನ್ನೂ ನಂಬಲ್ಲ. ನಾನು ನಿನ್ನನ್ನು ಬೈತಿಲ್ಲ, ನಾನೂ ಎಷ್ಟು ವರ್ಷ ಹಾಗೇ ಹೇಳಿದೀನೋ. ನಾಳೆ ಡ್ರೆಸಿಂಗಿಗೆ ಅರ್ಧ ಗಂಟೆ ಮುಂಚೆ ಅವನಿಗೆ ಔಷಧಿ ಹೋಗಿರಬೇಕು, ಅದನ್ನು ಡಾಕ್ಟರಿಗೆ ಈಗಲೇ ಬರೆದಿಡು. ಗಾಯಕ್ಕೆ ಅಂಟಿದ ಬಟ್ಟೆಯನ್ನು ಚೆನ್ನಾಗಿ ನೆನೆಸಿ ಬಿಡಿಸು, ಎಳೀಬೇಡ. ಅವರಮ್ಮ ತಲೆ ಹತ್ತಿರ ನಿಲ್ಲಲಿ. ‘ಸ್ವಲ್ಪ ನೋಯುತ್ತೆ, ನೀನು ನಿಲ್ಲಿಸು ಅಂದರೆ ನಾನು ಹತ್ತು ಎಣಿಸೋವರೆಗೆ ನಿಲ್ಲಿಸ್ತೀನಿ’ ಅಂತ ಹೇಳು. ಹೇಳಿದ ಮೇಲೆ ನಿಲ್ಲಿಸಲೇಬೇಕು.

ಕಿರಿಯಾಕೆ: ಪ್ಯಾರಾಸಿಟಮಾಲ್ ಸಿರಪ್ ಲೆಕ್ಕ ಒಂದು ಸಲ ನೋಡಿ. 14 ಕೆ.ಜಿ. ಕೆ.ಜಿ.ಗೆ 15 ಮಿಲಿಗ್ರಾಂನಂತೆ 210. ನಮ್ಮ ಬಾಟಲಿ 5 ಎಂಎಲ್‌ಗೆ 250, ಹಾಗಾಗಿ 4.2 ಎಂಎಲ್.

ಹಿರಿಯಾಕೆ: ಸರಿ. ಮನೆಗೆ ಹೋಗುವಾಗ ತಾಯಿಗೆ ಬಾಟಲಿ ತೋರಿಸಿಯೇ ಹೇಳು. ಅಂಗಡಿಯಲ್ಲಿ 5 ಎಂಎಲ್‌ಗೆ 125 ಇರೋದೂ ಸಿಗುತ್ತೆ. ಅದನ್ನು ತಂದರೆ ಅರ್ಧ ಡೋಸ್ ಆಗುತ್ತೆ, ಅದಲುಬದಲಾದರೆ ಎರಡು ಪಟ್ಟು. ಚಮಚ ಬೇಡ, ಸಿರಿಂಜ್ ಕೊಟ್ಟು ಕಳಿಸು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ ಅಂತಲೂ ಹೇಳು, ಅದು ಯಕೃತ್ತಿನ ಮಾತು.

(ಅರ್ಧ ಗಂಟೆ ಕಳೆದಿದೆ. ಹಾಸಿಗೆಯ ಮೇಲೆ ಸದ್ದು.)

ಕಿರಿಯಾಕೆ: ಸಿಸ್ಟರ್, ಕೈ ಚಾಚಿದಾನೆ. ಅಮ್ಮನ ಬಳೆ ಹಿಡಿದು ತಿರುಗಿಸ್ತಿದಾನೆ. ಏನೋ ಹೇಳ್ತಿದಾನೆ… ನೀರಂತೆ. ಅಲ್ಲ, ಬಾಟಲಿಯದಲ್ಲ, ಮನೆ ಲೋಟದ್ದೇ ಬೇಕಂತೆ.

ಹಿರಿಯಾಕೆ: ಹಟ ಶುರುವಾಯ್ತಾ? ಡಾಕ್ಟರು ಬಾಯಿಗೆ ಕೊಡಬಹುದು ಅಂದಿದಾರೆ, ಎರಡು ಗುಟುಕು ಕೊಡು. ಅಂಕ ಹಾಕು.

ಕಿರಿಯಾಕೆ: ಮುಖ 1. ಕಾಲು 1, ಇನ್ನೂ ಬಿಗಿ ಇದೆ. ಮೈ 0, ತಾನಾಗೇ ಹೊರಳಿದ. ಅಳು… ಲೋಟಕ್ಕೆ ಮುಲುಗ್ತಿದಾನೆ. 1 ಹಾಕಲಾ?

ಹಿರಿಯಾಕೆ: ಕಂಡಿದ್ದನ್ನು ಹಾಕು.

ಕಿರಿಯಾಕೆ: 1. ಸಮಾಧಾನ 0, ಅಮ್ಮ ಮಾತಾಡಿಸಿದರೆ ಕೇಳ್ತಾನೆ. ಒಟ್ಟು 3. ನಾಡಿ 112, ಉಸಿರು 24.

ಹಿರಿಯಾಕೆ: ಬರಿ. ಮೊದಲಿನ 7 ಹೊಡೆದು ಹಾಕಬೇಡ, ಅದರ ಕೆಳಗೆ ಗಂಟೆ ಹಾಕಿ ಬರಿ. ಆ ಎರಡನೇ ಸಂಖ್ಯೆ ಇಲ್ಲದಿದ್ದರೆ ಬೆಳಿಗ್ಗೆ ಬರೋರಿಗೆ ಔಷಧಿ ಕೇಳಿತೋ ಇಲ್ಲವೋ ಗೊತ್ತಾಗಲ್ಲ.

ಕಿರಿಯಾಕೆ: ‘ಮಗು ಶಾಂತವಾಗಿದೆ’ ಅಂತ ಬರೆದದ್ದನ್ನು ಏನು ಮಾಡಲಿ?

ಹಿರಿಯಾಕೆ: ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕು. ಈಗ ಗಂಟೆ ಎಷ್ಟು?

ಕಿರಿಯಾಕೆ: 2 ಗಂಟೆ 20 ನಿಮಿಷ.

ಹಿರಿಯಾಕೆ: 3ಕ್ಕೆ ಮತ್ತೆ ನೋಡು. ಆ ಲೋಟ ಎಲ್ಲಿದೆ ಅಂತ ಅವರಮ್ಮನ್ನ ಕೇಳು, ಚೀಲದಲ್ಲಿರಬಹುದು.